ಗಿರಿಜಕ್ಕನ ಗ್ರೂಪಿಗೆ ಶಿಫಾರಸು ಬೇಕು

ಕಳೆದ ತಿಂಗಳು ಒಂದು ಮೊಬೈಲ್ ಆ್ಯಪ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿತು.

ಪಾಸ್‌ವರ್ಡ್ ಮರೆತ ಕತೆ ಅಲ್ಲ. (ಅದು ನನಗೆ ವಾರಕ್ಕೊಮ್ಮೆ ಆಗುತ್ತದೆ.) ಇದು ಶ್ರೀಮಂತರಿಗೆ ಮಾತ್ರ ಮೀಸಲಾದ ಸೋಷಿಯಲ್ ನೆಟ್‌ವರ್ಕ್. ಒಳಗಿರುವ ಒಬ್ಬರು ಕರೆಯಬೇಕು, ನಾವು ಅರ್ಜಿ ಹಾಕಬೇಕು, ಒಂದು ಕಮಿಟಿ ಕೂತು ನಮ್ಮನ್ನು ಅಳೆಯಬೇಕು. ಕರೆದವನು ನನ್ನ ಶಾಲೆಯ ಗೆಳೆಯ ದಿವಾಕರ. ಗಲ್ಫಿನಲ್ಲಿ ದುಡಿದು, ಈಗ ಪಣಂಬೂರಿನಲ್ಲಿ ಶಿಪ್ಪಿಂಗ್ ಕಂಪನಿ ಇಟ್ಟುಕೊಂಡು, ಕದ್ರಿಯ ಗುಡ್ಡದ ಮೇಲೆ ಮನೆ ಕಟ್ಟಿದವನು.

"ಬಾ ಮಾರಾಯ, ದೊಡ್ಡ ದೊಡ್ಡ ಜನ ಉಂಟು ಅದರಲ್ಲಿ. ನಿನ್ನ ಅಂಕಣ ಓದುವವರೂ ಸಿಕ್ಕಿಯಾರು" ಎಂದ.

ಬರೆಯುವವನಿಗೆ ಇಷ್ಟು ಹೇಳಿದರೆ ಸಾಕಲ್ಲ? ಫಾರ್ಮ್ ತುಂಬಿಸಲು ಕೂತೆ. ಯಾವ ಕಾರು, ಯಾವ ಕ್ಲಬ್ಬು, ಎರಡನೇ ಮನೆ ಎಲ್ಲಿ ಎಂದೆಲ್ಲ ಕೇಳಿದ್ದರು. ಎರಡನೇ ಮನೆಯ ಜಾಗದಲ್ಲಿ ಮಾವನ ಮನೆಯ ವಿಳಾಸ ಹಾಕಿದೆ. ಮೂರು ದಿನಕ್ಕೆ ಉತ್ತರ ಬಂತು: ನಿಮ್ಮ ಪ್ರೊಫೈಲ್ ಸದ್ಯಕ್ಕೆ ನಮ್ಮ ಬಳಗಕ್ಕೆ ಹೊಂದುತ್ತಿಲ್ಲ.

ಸದ್ಯಕ್ಕೆ ಅಂತೆ! ನಗಾಡಿದ ಹಾಗೆ ಮಾಡಿದೆ, ಆದರೆ ಬೇಸರವಾದದ್ದು ಹೌದು. "ನನ್ನ ಅಪ್ಪನಿಗೆ ಗೊತ್ತಾಗಲಿಲ್ಲ, ಅದೇ ನಿಮ್ಮ ಪುಣ್ಯ" ಎಂದಳು ಹೆಂಡತಿ ಸುಮತಿ.

ಇದಾಗಿ ಎರಡು ವಾರಕ್ಕೆ ಅದೇ ದಿವಾಕರ ಉರ್ವದ ನಮ್ಮ ಮನೆಗೆ ಬಂದ. ಮುಖ ಸಣ್ಣದಾಗಿತ್ತು. ಆ್ಯಪಿನ ಹತ್ತು ಹನ್ನೆರಡು ಮಂದಿಯನ್ನು ಭಾನುವಾರ ಊಟಕ್ಕೆ ಕರೆದಿದ್ದಾನೆ. ಮಂಗಳೂರಿನ ಮೀನು ಎಂದರೆ ಏನೆಂದು ತೋರಿಸುತ್ತೇನೆ ಎಂದು ಒಳಗೆ ಭಾರೀ ಬಡಾಯಿ ಕೊಚ್ಚಿದ್ದಾನೆ. ಆದರೆ ಅವನ ಮನೆಗೆ ಬರುವುದು ಐಸಿನಲ್ಲಿ ಮಲಗಿ ಬಂದ ಮೀನು.

"ನಿಮ್ಮ ಗಿರಿಜಕ್ಕನ ಗ್ರೂಪಿಗೆ ನನ್ನನ್ನು ಸೇರಿಸ್ತೀಯಾ?" ಎಂದ ಮೆಲ್ಲಗೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಗಿರಿಜಕ್ಕ ಉರ್ವ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ಬೆಳಿಗ್ಗೆ ದಕ್ಕೆಯಲ್ಲಿ, ಅಂದರೆ ದೋಣಿ ಬಂದು ನಿಲ್ಲುವಲ್ಲಿ ಮೀನು ಆರಿಸಿ, ಅಲ್ಲಿಂದಲೇ ತಮ್ಮ ಮೊಬೈಲ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕುತ್ತಾರೆ. ಇವತ್ತು ಬಂಗುಡೆ ಉಂಟು, ಅಂಜಲ್ ಇಲ್ಲ, ಹೀಗೆ. ಗ್ರೂಪಿನಲ್ಲಿ ಅರವತ್ತು ಮನೆ, ಅರವತ್ತೊಂದು ಆಗುವುದಿಲ್ಲ. ಗುಡ್ ಮಾರ್ನಿಂಗ್ ಹೂವು ಕಳಿಸುವ ಹಾಗಿಲ್ಲ. ವಾರದ ನಡುವೆ ಬಡವರ ಮೀನಾದ ಬೂತಾಯಿಯನ್ನು ತೆಗೆದುಕೊಳ್ಳದವರಿಗೆ ಭಾನುವಾರ ದುಬಾರಿ ಕಾಣೆ ಮೀನು ಇಲ್ಲ. ಹೊಸಬರನ್ನು ಹಳಬರೇ ಮಾರ್ಕೆಟ್ಟಿಗೆ ಕರೆತಂದು ತೋರಿಸಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದು. ಹೊಸಬ ಅಧಿಕಪ್ರಸಂಗ ಮಾಡಿದರೆ ಅವನೂ ಕರೆತಂದವನೂ ಇಬ್ಬರೂ ಔಟ್.

ನಾವು ಆರು ವರ್ಷ ಕಾದು ಒಳಗೆ ಹೋದವರು. "ನಿಮ್ಮ ಗೆಳೆಯನಿಂದ ಗ್ರೂಪಿನಲ್ಲಿ ನಮ್ಮ ಜಾಗ ಹೋದರೆ, ಆಮೇಲೆ ಬರೀ ಸೊಪ್ಪು ತಿಂದುಕೊಂಡಿರಿ" ಎಂದಳು ಸುಮತಿ. ತಮಾಷೆಗೆ ಹೇಳಿದ್ದಲ್ಲ. ಆದರೂ ದಿವಾಕರನ ಮುಖ ನೋಡಿ ಪಾಪ ಅನ್ನಿಸಿತು. ಅದೃಷ್ಟಕ್ಕೆ ಒಂದು ಮನೆಯವರು ಊರು ಬಿಟ್ಟು ಹೋಗಿ ಜಾಗ ಖಾಲಿಯಾಗಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಸ್ಕೂಟರಿನ ಹಿಂದೆ ಕೂತು ದಿವಾಕರ ಮಾರ್ಕೆಟ್ಟಿಗೆ ಬಂದ. ಗಾಳಿ ಜೋರಿದ್ದ ಕಾರಣ ಒಳ್ಳೆ ಮೀನು ಹೆಚ್ಚು ಬಂದಿರಲಿಲ್ಲ. ಗಿರಿಜಕ್ಕನ ಬುಟ್ಟಿಯಲ್ಲಿ ಬೂತಾಯಿ, ಪಕ್ಕದಲ್ಲಿ ಬಾಳೆಲೆ ಮುಚ್ಚಿಟ್ಟ ಸ್ವಲ್ಪ ಕಾಣೆ.

"ಅದು ಶಾಲೆಯ ಟೀಚರಮ್ಮ ಹೇಳಿ ಇಟ್ಟದ್ದು" ಎಂದರು ಗಿರಿಜಕ್ಕ.

"ಅವರು ಕೊಡುವುದರ ಡಬಲ್ ನಾನು ಕೊಡ್ತೇನೆ" ಎಂದುಬಿಟ್ಟ ಪುಣ್ಯಾತ್ಮ.

ಮೀನು ಕತ್ತರಿಸುತ್ತಿದ್ದ ಗಿರಿಜಕ್ಕನ ಕತ್ತಿ ನಿಂತಿತು. ಅವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಹೇಳಿ ಇಟ್ಟ ಮೀನು ಇನ್ನೊಬ್ಬರಿಗೆ ಮಾರುವ ಕ್ರಮ ನಮ್ಮಲ್ಲಿ ಇಲ್ಲ ಅಣ್ಣ. ಇವರಿಗೆ ನೀವು ಹೇಳಲಿಲ್ವಾ?"

ಆರು ವರ್ಷದ ತಪಸ್ಸು ಕಣ್ಣೆದುರೇ ನೀರಿಗೆ ಬಿತ್ತು ಎಂದುಕೊಂಡೆ. ಬಾಯಿಗೆ ಬಂದದ್ದು ಒಂದೇ ಮಾತು. "ದಿವಾಕರ, ನಿನ್ನ ಅಮ್ಮ ಬೂತಾಯಿ ಪುಳಿಮುಂಚಿ ಮಾಡ್ತಿದ್ದರಲ್ಲ, ಆ ಹುಳಿ ಖಾರದ ಸಾರು, ನಾವು ಶಾಲೆ ಬಿಟ್ಟು ಓಡಿ ಬಂದು ತಿನ್ನುತ್ತಿದ್ದದ್ದು. ನೆನಪು ಉಂಟಾ?"

ಅವನು ಆ ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರುಗಾಲಲ್ಲಿ ಕೂತ. ಒಂದು ಬೂತಾಯಿ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ, ತಾಜಾ ಹೌದೋ ಎಂದು ಕೆಂಪು ನೋಡಿದ. ಇನ್ನೊಂದು ಎತ್ತಿದ. "ತಪ್ಪಾಯಿತು ಅಕ್ಕ. ಟೀಚರಿನದ್ದು ಟೀಚರಿಗೇ ಇರಲಿ. ಇದನ್ನೇ ಕೊಡಿ, ಹನ್ನೆರಡು ಜನಕ್ಕೆ" ಎಂದ.

ಗಿರಿಜಕ್ಕ ತಕ್ಕಡಿ ಎತ್ತಿದರು. "ದುಡ್ಡು ಬಂದರೂ ಕೈ ಮರೆತಿಲ್ಲ ಇವರದ್ದು" ಎಂದರು. ಅವನ ನಂಬರ್ ಕೇಳಿ ಗ್ರೂಪಿಗೆ ಸೇರಿಸಿಕೊಂಡರು.

ಮಧ್ಯಾಹ್ನ ದಿವಾಕರನ ಮನೆಯಲ್ಲಿ ನನಗೂ ಎಲೆ ಹಾಕಿದ್ದರು. ಗೆಳೆಯನ ಹೆಂಡತಿ ಅತ್ತೆಯ ಕ್ರಮದಲ್ಲೇ ಪುಳಿಮುಂಚಿ ಮಾಡಿದ್ದರು. ಮೊದಲು ಚಮಚ ಹಿಡಿದಿದ್ದ ದೊಡ್ಡ ಜನ ಐದು ನಿಮಿಷಕ್ಕೆ ಚಮಚ ಬಿಟ್ಟರು. ಹತ್ತು ನಿಮಿಷಕ್ಕೆ ಫೋನೂ ಬಿಟ್ಟರು. ಹನ್ನೆರಡು ಜನ ಒಂದು ಆ್ಯಪಿನಲ್ಲಿ ಎರಡು ವರ್ಷ ಇದ್ದವರು, ಒಬ್ಬರಿಗೊಬ್ಬರು ಮುಳ್ಳು ಬಿಡಿಸುವುದು ಹೇಗೆಂದು ಹೇಳಿಕೊಟ್ಟದ್ದು ಅವತ್ತೇ ಮೊದಲು.

ಊಟವಾದ ಮೇಲೆ ಒಬ್ಬರು ಕೈ ಒರೆಸಿಕೊಳ್ಳುತ್ತ, ಈ ಮೀನು ಎಲ್ಲಿಯದು, ನಮಗೂ ಸಿಗುತ್ತದಾ ಎಂದು ಕೇಳಿದರು. ಆ್ಯಪಿನ ಅರ್ಜಿಗಳನ್ನು ಪಾಸು ಫೇಲು ಮಾಡುವ ಕಮಿಟಿಯವರಂತೆ, ಈಚೆಗೆ ಕದ್ರಿಯಲ್ಲೇ ಫ್ಲಾಟ್ ತೆಗೆದುಕೊಂಡವರು.

"ಗಿರಿಜಕ್ಕನ ಗ್ರೂಪಿನಲ್ಲಿ ಇದ್ದರೆ ಮಾತ್ರ ಸಿಗುವುದು. ನಾನು ಹೊಸಬ, ನನಗೆ ಶಿಫಾರಸು ಮಾಡುವ ಅಧಿಕಾರ ಇಲ್ಲ. ಇವನನ್ನು ಕೇಳಿ" ಎಂದು ದಿವಾಕರ ನನ್ನನ್ನು ತೋರಿಸಿದ.

ನನಗಾದ ಖುಷಿಯನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ? "ಸದ್ಯಕ್ಕೆ ಜಾಗ ಇಲ್ಲ ಸಾರ್" ಎಂದೆ. ಸದ್ಯಕ್ಕೆ ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದೆ.

ಆ್ಯಪಿನಲ್ಲಿ ನನ್ನನ್ನು ಕರೆದದ್ದಕ್ಕೆ ದಿವಾಕರನಿಗೆ ಏನೂ ನಷ್ಟವಾಗಲಿಲ್ಲ, ನಾನು ಫೇಲಾದದ್ದು ಅವನಿಗೆ ಗೊತ್ತೂ ಆಗಲಿಲ್ಲ. ಗಿರಿಜಕ್ಕನ ಗ್ರೂಪಿನಲ್ಲಿ ಅವನಿಗಾಗಿ ನನ್ನ ಮನೆಯ ಮೀನು ಸಾರನ್ನೇ ಪಣಕ್ಕಿಟ್ಟೆ. ನೆಟ್‌ವರ್ಕ್ ಎಂದು ಕರೆಯಬೇಕಾದದ್ದು ಯಾವುದನ್ನು?

ಆ ಕಮಿಟಿಯವರ ಮೇಲಿನ ಸಿಟ್ಟು ಇಳಿದ ಮೇಲೆ, ಬುಧವಾರ, ಜಾಗ ಖಾಲಿಯಾದಾಗ ಅವರನ್ನೂ ಸೇರಿಸಬಹುದಾ ಎಂದು ಗಿರಿಜಕ್ಕನ ಹತ್ತಿರ ಕೇಳಿದೆ. ದೊಡ್ಡ ಕಂಪನಿ, ಮೂರು ಕಾರು, ವಿದೇಶದಲ್ಲಿ ಮನೆ. ಅವರು ಬಂಗುಡೆ ಕತ್ತರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಅದೆಲ್ಲ ಇರಲಿ ಅಣ್ಣ, ವಾರದ ನಡುವೆ ಬಂದು ಬೂತಾಯಿ ತೆಗೊಳ್ತಾರಾ?"