ದೊಡ್ಡಕ್ಕನ ಬಾಯಿ

ದೇಶಕ್ಕೆಲ್ಲ ಅಕ್ಕನಾದವಳಿಗೆ ಸ್ವಂತ ತಮ್ಮನ ಕೈಯಲ್ಲಿ ಒಂದು ಕೆಲಸ ಮಾಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಪೇಟೆ ಬೀದಿಯ ಟೈಲರ್ ಅಕ್ಕನನ್ನು ಕೇಳಬೇಕು. ಕೇಳಿದರೆ ಅವಳು ಕತ್ತರಿ ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಮೊದಲು ನಿಮ್ಮನ್ನು ಬೈಯುತ್ತಾಳೆ. ಆಮೇಲೆ ತಮ್ಮನನ್ನು. ಸರ್ಕಾರದ ಸರದಿ ಕೊನೆಗೆ ಬರುತ್ತದೆ, ಏಕೆಂದರೆ ಅದಕ್ಕೆ ಜಾಸ್ತಿ ಉಸಿರು ಬೇಕು.

ಅವಳದು ಒಂದೇ ಕೋಣೆಯ ಅಂಗಡಿ. ಬಾಗಿಲ ಬದಿಗೆ ಹೊಲಿಗೆ ಯಂತ್ರ, ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು. ಅವಳ ತಮ್ಮ ಒಂದು ದಿನಪತ್ರಿಕೆಯ ವ್ಯಂಗ್ಯಚಿತ್ರಕಾರ. ಕಚೇರಿಯಲ್ಲಿ ಅವನಿಗೆ ಕುರ್ಚಿ ಇತ್ತು, ಬೆಳಕಿರಲಿಲ್ಲ. ಹಾಗಾಗಿ ಮಧ್ಯಾಹ್ನವಾದರೆ ಅಕ್ಕನ ಮೇಜಿನ ತುದಿಗೆ ಬಂದು ಕೂರುತ್ತಿದ್ದ. ಒಮ್ಮೆ ಯಾರದೋ ಮದುವೆ ಕೋಟಿನ ಮೇಲೆ ಇಂಕು ಉರುಳಿಸಿದ ಮೇಲೆ ಅಕ್ಕ ಸೀಮೆಸುಣ್ಣದಿಂದ ಮೇಜಿನ ಮೇಲೆ ಗೆರೆ ಎಳೆದು, ‘ಇದರಿಂದ ಈಚೆ ಬಂದ್ರೆ ಕೈ ಮುರೀತೀನಿ’ ಎಂದಿದ್ದಳು. ಅವನು ಮಂತ್ರಿಗಳಿಗೆ ಹೆದರುತ್ತಿರಲಿಲ್ಲ, ಆ ಗೆರೆಗೆ ಹೆದರುತ್ತಿದ್ದ.

ಅವನಿಗೆ ಹೆಂಗಸರ ಚಿತ್ರ ಬರೆಯಲು ಬರುತ್ತಿರಲಿಲ್ಲ. ಅವನು ಬರೆದ ಹೆಂಗಸರೆಲ್ಲ ಜಡೆ ಬಿಟ್ಟ ಮಂತ್ರಿಗಳ ಹಾಗೆ ಕಾಣುತ್ತಿದ್ದರು. ಆ ವರ್ಷ ಸರ್ಕಾರ ದೊಡ್ಡ ದೊಡ್ಡ ಮಾತಾಡಿ ಚಿಕ್ಕ ಚಿಕ್ಕ ಕೆಲಸವನ್ನೂ ಮಾಡದೆ ಕೂತಿತ್ತು. ಜನರ ಪರವಾಗಿ ಯಾರನ್ನು ಬರೆಯುವುದೆಂದು ತೋಚದೆ ಅವನು ಪೆನ್ಸಿಲ್ ಕಚ್ಚುತ್ತಿದ್ದಾಗ ಬಾಗಿಲಲ್ಲಿ ಬಟ್ಟೆ ವ್ಯಾಪಾರಿ ಕಾಣಿಸಿಕೊಂಡ. ಅಕ್ಕ ಅವನು ತಂದ ಬಟ್ಟೆಯ ಥಾನನ್ನು ಬಿಚ್ಚಿ ಅಳೆದಳು. ಬಟ್ಟೆ ಕಡಿಮೆ ಇತ್ತು. ಎಡಗೈ ಸೊಂಟಕ್ಕೆ, ಬಲಗೈಯಲ್ಲಿ ಕತ್ತರಿ, ಕೊರಳಲ್ಲಿ ಅಳತೆ ಟೇಪು, ಬಾಯಿ ಪೂರ್ತಿ ತೆರೆದು ಅವಳು ಕೇಳಿದಳು.

“ಮಿಕ್ಕ ಬಟ್ಟೆ ಎಲ್ಲಿ? ನಿಮ್ಮಪ್ಪ ಹೊದ್ಕೊಂಡು ಮಲಗಿದಾನಾ?”

ಮರುದಿನದ ಪತ್ರಿಕೆಯಲ್ಲಿ ಅದೇ ಹೆಂಗಸು, ಅದೇ ಸೊಂಟ, ಅದೇ ಬಾಯಿ. ಎದುರಿಗೆ ಬಟ್ಟೆ ವ್ಯಾಪಾರಿಯ ಜಾಗದಲ್ಲಿ ಇಡೀ ಮಂತ್ರಿಮಂಡಲ ಕೈಕಟ್ಟಿ ನಿಂತಿತ್ತು. ಕೆಳಗೆ ‘ದೊಡ್ಡಕ್ಕ ಕೇಳುತ್ತಾಳೆ: ಮಿಕ್ಕ ಬಟ್ಟೆ ಎಲ್ಲಿ?’ ಎಂದಿತ್ತು. ಅಕ್ಕ ಅದನ್ನು ನೋಡಿ ಎರಡು ದಿನ ತಮ್ಮನ ಜೊತೆ ಮಾತು ಬಿಟ್ಟಳು. ಹೊಟ್ಟೆಯನ್ನು ಅಷ್ಟು ದಪ್ಪಗೆ ಬರೆದಿದ್ದಾನೆಂದು ಸಿಟ್ಟು. ಆದರೆ ಬೀದಿಯಲ್ಲಿ ಯಾರಾದರೂ ಆ ಚಿತ್ರ ತೋರಿಸಿ ನಕ್ಕರೆ ಒಳಗೊಳಗೇ ಹಿಗ್ಗುತ್ತಿದ್ದಳು. ಅದನ್ನು ಅವಳು ಒಪ್ಪುವುದಿಲ್ಲ, ನಾನು ಹೇಳಿದೆನೆಂದು ಹೇಳಬೇಡಿ.

ದೊಡ್ಡಕ್ಕ ವಾರ ವಾರ ಬಂದಳು. ಸೇತುವೆ ಬಿದ್ದರೆ ಬಂದಳು, ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೆ ಬಂದಳು. ಮೆರವಣಿಗೆಗಳಲ್ಲಿ ಜನ ಅವಳ ಚಿತ್ರವನ್ನು ಕೋಲಿಗೆ ಕಟ್ಟಿ ಹೊತ್ತರು. ಕೊನೆಗೊಂದು ದಿನ ಆ ಸರ್ಕಾರ ಬಿತ್ತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಹೊಸದಾಗಿ ಬಂದವರಿಗೆ ದೊಡ್ಡಕ್ಕನ ಮೇಲೆ ಪ್ರೀತಿ ಉಕ್ಕಿತು. ಅವಳಿಂದಲೇ ಗೆದ್ದವರಲ್ಲವೇ, ಅಂಚೆಚೀಟಿಗೆ ಏರಿಸಿದರು. ಬೈದಾದರೂ ಒಬ್ಬರನ್ನು ಓಡಿಸಬಹುದು, ಪ್ರೀತಿಸಲು ಬಂದವರನ್ನು ಏನು ಮಾಡುವುದು?

ಅಂಚೆಚೀಟಿಗೆ ಕತ್ತರಿ ಸರಿಹೋಗುವುದಿಲ್ಲ, ಹಿಂಸೆಯ ಹಾಗೆ ಕಾಣುತ್ತದೆ ಎಂದರು. ಕತ್ತರಿ ಹೋಗಿ ದೀಪ ಬಂತು. ನಾಣ್ಯಕ್ಕೆ ಹಾಕುವಾಗ ಹೊಟ್ಟೆ ಹೋಯಿತು. ಶಾಲೆಯ ಗೋಡೆಗಳಿಗೆ ಬರುವಾಗ ಟೇಪು ಹೂವಿನ ಹಾರವಾಯಿತು, ಸೊಂಟದ ಮೇಲಿನ ಕೈ ಮೇಲೆದ್ದು ಹರಸತೊಡಗಿತು. ಕೊನೆಗೆ ಬಾಯಿ. ಅದಕ್ಕಾಗಿ ಒಂದು ಸಮಿತಿಯೇ ಕೂತಿತ್ತು. ದೇಶದ ಗುರುತಾದ ಮೇಲೆ ಬಾಯಿ ತೆರೆದುಕೊಂಡು ನಿಂತಿರುವುದು ಶೋಭೆಯಲ್ಲ ಎಂದು ಅವರು ತೀರ್ಮಾನಿಸಿ, ಮುಚ್ಚಿಸಿ, ತುಟಿಯ ಕೊನೆಗೆ ಒಂದು ನಗು ಅಂಟಿಸಿದರು. ಪ್ರತಿ ಸಲವೂ ತಮ್ಮನನ್ನು ಕೇಳಿದರು. ಪ್ರತಿ ಸಲವೂ ಅವನು ‘ಆಗಲಿ ಸ್ವಾಮಿ’ ಎಂದ. ಪ್ರತಿ ಸಲವೂ ಒಂದೊಂದು ಪದಕ ಬಂತು. ಅವನ್ನೆಲ್ಲ ತಂದು ಅಕ್ಕನಿಗೆ ತೋರಿಸಿದರೆ ಅವಳು, “ಗುಂಡಿ ಕಿತ್ತುಹೋದ ಕೋಟಿಗೆ ಹೊಲಿದುಕೋ” ಎನ್ನುತ್ತಿದ್ದಳು.

ಹೀಗೆ ವರ್ಷಗಳು ಕಳೆದು, ಅಕ್ಕನ ಮಂಡಿ ಹಿಡಿದು, ತಮ್ಮನ ತಲೆ ಬೋಳಾಗಿ, ಪತ್ರಿಕೆಯಲ್ಲಿ ಅವನ ಚಿತ್ರ ಹಬ್ಬಕ್ಕೊಂದು ಬಂದರೆ ಬಂತು ಎಂಬಂತಾದ ಕಾಲಕ್ಕೆ, ಸರ್ಕಾರ ದೊಡ್ಡಕ್ಕನಿಗೆ ಪ್ರತಿಮೆ ಕಟ್ಟಲು ಹೊರಟಿತು. ಜಾಗ ಹುಡುಕಿತು. ಪೇಟೆ ಬೀದಿಯ ಮೂಲೆ ಹಿಡಿಸಿತು. ಅಲ್ಲಿನ ಸಾಲು ಅಂಗಡಿಗಳನ್ನು ಒಡೆದರೆ ವೃತ್ತಕ್ಕೆ ಸರಿಯಾಗುತ್ತದೆ ಎಂದಿತು. ಆ ಸಾಲಿನ ಮೂರನೆಯ ಅಂಗಡಿ ಅಕ್ಕನದು.

ಅಕ್ಕ ನಗರಸಭೆಗೆ ಹೋದಳು. ಅಧಿಕಾರಿಯ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡಕ್ಕ ನಗುತ್ತಿದ್ದಳು. ಅಕ್ಕ ತಾನು ಯಾರೆಂದು ಹೇಳಿದಳು. ಅಧಿಕಾರಿ ಚಿತ್ರ ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ತುಂಬ ಮರ್ಯಾದೆಯಿಂದ ಕುರ್ಚಿ ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ.

“ನನ್ನ ಅಂಗಡಿ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ ಅಂತ ಕೇಳೋಕೆ ಬಂದೆ,” ಎಂದಳು ಅಕ್ಕ.

“ನಿಮಗೆ ಖುಷಿ ಆಗ್ಬೇಕಲ್ಲ ಅಮ್ಮ. ನಿಮ್ಮದೇ ಪ್ರತಿಮೆ,” ಎಂದ ಅಧಿಕಾರಿ.

“ಪ್ರತಿಮೆ ಬಾಡಿಗೆ ಕಟ್ಟತ್ತಾ?”

ಅವನು ಜೋರಾಗಿ ನಕ್ಕು, ದೊಡ್ಡಕ್ಕನ ಹಾಸ್ಯಪ್ರಜ್ಞೆ ಬಗ್ಗೆ ಪಕ್ಕದವನಿಗೆ ಹೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣವಾದರೂ ಫೋಟೋ ಕೇಳುವುದಿಲ್ಲ.

ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು.

“ಒಂದು ಚಿತ್ರ ಬರೆದುಕೊಡೋ. ಬುಲ್ಡೋಜರ್ ಮುಂದೆ ನಿಂತಿರೋ ಹಾಗೆ. ಮೊದಲಿನ ಬಾಯಿ ಇರಲಿ.”

“ಅಕ್ಕಾ, ಅವಳು ಈಗ ನನ್ನವಳಲ್ಲ ಕಣೇ. ಅವಳ ಚಿತ್ರ ಹೀಗೇ ಇರಬೇಕು ಅಂತ ಸರ್ಕಾರದ ನಿಯಮ ಇದೆ. ಮೇಲಾಗಿ ಪ್ರತಿಮೆ ಉದ್ಘಾಟನೆಗೆ ನನ್ನನ್ನ ಕರೆದಿದಾರೆ.”

“ನಿನ್ನವಳಲ್ಲ, ಸರಿ. ನಾನು ಯಾರವಳು?”

ತಮ್ಮ ಕಾಗದ ಹುಡುಕಿ ತಂದ. ಕೂತು ಬರೆದ. ಚಿತ್ರ ಬೆಂಕಿಯ ಹಾಗೆ ಬಂತು. ಬುಲ್ಡೋಜರ್ ಎದುರು ಕೈ ಮೇಲೆತ್ತಿ ಬೈಯುತ್ತಿರುವ ದೊಡ್ಡಕ್ಕ, ಬಾಯಿ ಬಾವಿಯಷ್ಟು ತೆರೆದಿತ್ತು. ಅಕ್ಕ ನೋಡಿ, “ಹೊಟ್ಟೆ ಸ್ವಲ್ಪ ಕಮ್ಮಿ ಮಾಡಬಹುದಿತ್ತು,” ಎಂದಳು. ಅವಳು ಅವನನ್ನು ಹೊಗಳಿದ್ದು ಅಂದರೆ ಅದೇ.

ಅಕ್ಕ ಅತ್ತ ಹೋದ ಮೇಲೆ ಅವನು ಚಿತ್ರದ ನಕಲನ್ನು ಪತ್ರಿಕೆಗೆ ಕಳಿಸಿದ, ಸಂಪಾದಕರ ಫೋನು ಬಂತು. ಚಿತ್ರ ಅದ್ಭುತವಾಗಿದೆ, ಬಾಯಿ ಮಾತ್ರ ಮುಚ್ಚಿಬಿಡಿ, ಇಲ್ಲವಾದರೆ ರಾಷ್ಟ್ರಚಿಹ್ನೆಗೆ ಅವಮಾನ ಅಂತ ನಮ್ಮ ಮೇಲೆ ಕೇಸು ಹಾಕುತ್ತಾರೆ ಎಂದರು. ಗೆರೆ ತಪ್ಪಿದಲ್ಲಿ ಬಿಳಿ ಬಣ್ಣ ಹಚ್ಚುವುದು ಚಿತ್ರಕಾರರ ರೂಢಿ. ಬಾಯಿ ಬಿಟ್ಟು ಉಳಿದದ್ದೆಲ್ಲ ಹಾಗೇ ಇರುತ್ತದಲ್ಲ, ಜನರಿಗೆ ಅರ್ಥವಾಗುತ್ತದೆ ಎಂದುಕೊಂಡ ತಮ್ಮ. ಕುಂಚ ಅದ್ದಿ ಹಲ್ಲು, ನಾಲಿಗೆ, ಗಂಟಲು ಎಲ್ಲದರ ಮೇಲೆ ಬಿಳಿ ಬಳಿದು, ಒಣಗಿದ ಮೇಲೆ ಒಂದು ಚಿಕ್ಕ ಗೆರೆ ಎಳೆದ.

ಬೆಳಗ್ಗೆ ಪತ್ರಿಕೆ ಬಂತು. ಬುಲ್ಡೋಜರ್ ಎದುರು ದೊಡ್ಡಕ್ಕ ಬಾಯಿ ಮುಚ್ಚಿ ನಿಂತಿದ್ದಳು. ಬೈಯಲು ಮೇಲೆತ್ತಿದ್ದ ಕೈ, ಬಾಯಿ ಮುಚ್ಚಿದ ಮೇಲೆ, ಹರಸಲು ಎತ್ತಿದ ಕೈಯಾಗಿತ್ತು. ಹೊಸ ಯಂತ್ರಕ್ಕೆ ಶುಭವಾಗಲಿ ಎಂದು ಹೇಳುವ ಹಾಗೆ. ಮಧ್ಯಾಹ್ನದೊಳಗೆ ನಗರಸಭೆಯವರು ಅದನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ, ‘ಅಭಿವೃದ್ಧಿಗೆ ದೊಡ್ಡಕ್ಕನ ಆಶೀರ್ವಾದ’ ಎಂದು ಬೀದಿಯ ಉದ್ದಕ್ಕೂ ಅಂಟಿಸಿದರು. ಅಕ್ಕನ ಅಂಗಡಿಯ ಬಾಗಿಲಿಗೂ ಒಂದು ಅಂಟಿಸಿದರು. ನೆರೆಯ ಚಪ್ಪಲಿ ಅಂಗಡಿಯವನು ಬಂದು, “ಏನಕ್ಕಾ, ನೀವೇ ಹೀಗೆ ಮಾಡಿದ್ರೆ ನಾವು ಯಾರ ಹತ್ರ ಹೋಗೋಣ?” ಎಂದ. ಅಕ್ಕನ ಜೀವಮಾನದಲ್ಲಿ ಉತ್ತರ ಕೊಡಲಾಗದೆ ಕೂತದ್ದು ಅವತ್ತೊಂದೇ ದಿನ. ಅವಳಿಗೆ ಅವಮಾನವಾಗಿತ್ತು. ಅಂಗಡಿ ಹೋಗುವುದಕ್ಕಿಂತ ಅದು ಹೆಚ್ಚು ಚುಚ್ಚಿತು.

ಸಂಜೆ ತಮ್ಮ ಬಂದು ಹೊಸ್ತಿಲಾಚೆ ನಿಂತ.

“ಒಂದು ಚೂರು ಬಿಳಿ ಬಣ್ಣ ಅಷ್ಟೇ ಅಕ್ಕ. ಇಷ್ಟು ಆಗತ್ತೆ ಅಂತ ಅಂದ್ಕೊಳ್ಲಿಲ್ಲ.”

“ಯಾವತ್ತೂ ಒಂದು ಚೂರೇ ಕಣೋ. ಕತ್ತರಿ ಒಂದು ಚೂರು, ಹೊಟ್ಟೆ ಒಂದು ಚೂರು. ಹೀಗೆ ಚೂರು ಚೂರು ತೆಗೆದು ಈಗ ನನ್ನಲ್ಲಿ ಏನು ಉಳಿಸಿದೀಯ ಹೇಳು.” ಅವಳ ದನಿ ಏರಿರಲಿಲ್ಲ. ಅದು ಏರಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಅಂಗಡಿ ಒಡೆದರು. ಬೇರೆ ಅಂಗಡಿ ಹಿಡಿಯುವ ಶಕ್ತಿ ಅವಳಿಗೆ ಇರಲಿಲ್ಲ. ಹೊಲಿಗೆ ಯಂತ್ರವನ್ನು ಹೊಸ ವೃತ್ತದ ಪಕ್ಕದ ಕಾಲುದಾರಿಗೆ ತಂದಿಟ್ಟು, ಮೇಲೆ ಒಂದು ಹಳೆಯ ಛತ್ರಿ ಕಟ್ಟಿದಳು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ತಮ್ಮನ ಕುರ್ಚಿ ಖಾಲಿ ಇತ್ತು. ಅವನು ಛತ್ರಿಯ ಕೆಳಗೆ, ಅಕ್ಕನ ಪಕ್ಕದಲ್ಲಿ, ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದ. ಅಂದಿನಿಂದ ದಿನವೂ ಬರುತ್ತಾನೆ. ಅಷ್ಟು ವರ್ಷ ಚಿತ್ರ ಬರೆದವನಿಗೆ ನೇರವಾಗಿ ಒಂದು ಅಂಚು ಹೊಲಿಯಲು ಬರುವುದಿಲ್ಲ. ಅಕ್ಕ ಅವನು ಹೊಲಿದದ್ದನ್ನೆಲ್ಲ ಬಿಚ್ಚುತ್ತಾಳೆ, ಬೈಯುತ್ತಾಳೆ, ಮತ್ತೆ ಅವನಿಗೇ ಕೊಡುತ್ತಾಳೆ. ಕ್ಷಮಿಸಿದ್ದಾಳೋ ಇಲ್ಲವೋ ಅವನು ಕೇಳಿಲ್ಲ. ಕೇಳಿದರೆ ಏನು ಹೇಳುತ್ತಾಳೋ ಎಂಬ ಭಯ.

ಮೊನ್ನೆ ಯಾವುದೋ ಊರಿಂದ ಒಂದು ಸಂಸಾರ ಪ್ರತಿಮೆ ನೋಡಲು ಬಂತು. ಗಂಡ, ಹೆಂಡತಿ, ಎರಡು ಮಕ್ಕಳು. ಪ್ರತಿಮೆ ಎತ್ತರವಾಗಿ, ತೆಳ್ಳಗೆ, ತುಟಿ ಬಿಗಿದು ನಗುತ್ತಿತ್ತು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಗಂಡ ಹಿಂದೆ ಹಿಂದೆ ಸರಿದ, ಬಗ್ಗಿದ, ಕೂತ. ಎಲ್ಲಿಂದ ನೋಡಿದರೂ ಮೂಲೆಯಲ್ಲಿ ಹರಿದ ಛತ್ರಿ, ಹಳೆಯ ಯಂತ್ರ, ಒಬ್ಬಳು ಮುದುಕಿ. ಕೊನೆಗೆ ಹತ್ತಿರ ಬಂದ.

“ಅಜ್ಜಿ, ಸ್ವಲ್ಪ ಆ ಕಡೆ ಸರೀತೀರಾ? ದೊಡ್ಡಕ್ಕನಿಗೆ ಅಡ್ಡ ಬರ್ತಿದೀರಿ.”

ತಮ್ಮ ಆಗಲೇ ಅರ್ಧ ಎದ್ದಿದ್ದ. ಯಾರು ಏನು ಕೇಳಿದರೂ ಆಗಲಿ ಎನ್ನುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಅಕ್ಕ ಅವನ ತೋಳು ಹಿಡಿದು ಎಳೆದು ಕೂರಿಸಿದಳು. ಯಂತ್ರ ನಿಲ್ಲಿಸಿದಳು.

“ನಾನು ದುಡಿಯೋ ಜಾಗ ಇದು, ನಾನು ಸರಿಯೋದಿಲ್ಲ,” ಎಂದಳು. “ಬೇಕಾದ್ರೆ ಅವಳನ್ನ ಸರಿಸಪ್ಪ.”