ಉದ್ದ ಕಂಬದ ಫಾಯಿಲ್

ನವನಗರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಅಫ್ಸರನಿಗೆ ಮೂವತ್ತೈದು ದಾಟಿದ ಮೇಲೆ ಹಿನ್ನೀರಿನ ಹುಚ್ಚು ಹಿಡಿಯಿತು. ಗಾಳಿ ತುಂಬಿದ ಬಟ್ಟೆಯ ರೆಕ್ಕೆಯನ್ನು ಕೈಯಲ್ಲಿ ಹಿಡಿದು, ಹಲಗೆಯ ಮೇಲೆ ನಿಂತು ಸಾಗುವ ಆಟ. ಹಲಗೆಯ ಅಡಿಗೆ ಒಂದು ಕಂಬ, ಕಂಬದ ತುದಿಗೆ ಪುಟ್ಟ ವಿಮಾನದಂಥ ಫಾಯಿಲ್. ವೇಗ ಬಂತೆಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಗೋವಾದಲ್ಲಿ ಕಲಿತು ಬಂದ ಗೆಳೆಯ, ಶಿರೂರಿನ ಶ್ರೀಶೈಲ, ಇವನಿಗೂ ಕಲಿಸಿದ. ಈ ವಯಸ್ಸಿನಲ್ಲಿ ಇದೇನು ಆಟ ಎಂದು ಅಂಗಡಿಗೆ ಬಂದವರೆಲ್ಲ ನಕ್ಕರು. ನಗಲಿ ಬಿಡಿ. ಅಫ್ಸರನಿಗೆ ಆಟ ಬೇಕಾಗಿರಲಿಲ್ಲ, ಅಮ್ಮ ಬೇಕಾಗಿದ್ದಳು.

ಅಮ್ಮ ನಜಮಾ ತೀರಿಕೊಂಡಾಗ ಅವನಿಗೆ ಆರು ವರ್ಷ. ಮರುವರ್ಷ ಹಳೆ ಬಾಗಲಕೋಟೆಯ ಅವರ ಓಣಿ ಅಣೆಕಟ್ಟಿನ ನೀರಿಗೆ ಹೋಯಿತು. ಅಪ್ಪ ಮುರ್ತುಜಸಾಬ ಬಾಗಿಲು, ತೊಲೆ ಎಲ್ಲ ಕಿತ್ತು ನವನಗರಕ್ಕೆ ಸಾಗಿಸಿದ. ಮನೆಮುಂದಿನ ಕಲ್ಲಿನ ಕಟ್ಟೆ ಅಲ್ಲೇ ಉಳಿಯಿತು. ಅಮ್ಮನ ಮುಖ ಅಫ್ಸರನಿಗೆ ಸರಿಯಾಗಿ ನೆನಪಿಲ್ಲ. ಸಂಜೆ ಆ ಕಟ್ಟೆಯ ಮೇಲೆ ಅವಳ ಮಗ್ಗುಲಿಗೆ ಕೂತಿದ್ದದ್ದು ಮಾತ್ರ ನೆನಪಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬೇರೆಯವರ ಗೋಡೆಗಳು ಮೇಲೆ ಬರುತ್ತವೆ, ಮಂದಿ ಹೋಗಿ ಮುಟ್ಟಿ, ಅತ್ತು, ಹಗುರಾಗಿ ಬರುತ್ತಾರೆ. ಇವರ ಓಣಿ ತಗ್ಗಿನದು, ಎಂದೂ ಮೇಲೆ ಬಂದಿಲ್ಲ. ದೋಣಿಯವರನ್ನು ಕೇಳೋಣವೆಂದರೆ ನಾಚಿಕೆ. ಮೀಸೆ ಹೊತ್ತ ಗಂಡಸು ಅಮ್ಮನ ಕಟ್ಟೆ ಹುಡುಕಿಕೊಡಿ ಎಂದು ಹೇಗೆ ಕೇಳುವುದು?

ಜೂನ್ ಆರಂಭ. ಗಾಳಿ ಎದ್ದಿತ್ತು, ಹೊಸ ನೀರು ಇನ್ನೂ ಬಂದಿರಲಿಲ್ಲ. ಬಂದು ಮಟ್ಟ ಏರಿದರೆ ಮತ್ತೆ ಮುಂದಿನ ವರ್ಷದ ಮಾತು. ಶ್ರೀಶೈಲ ಎರಡು ಫಾಯಿಲ್ ತಂದು, ಇಲ್ಲಿಗೆ ಯಾವುದು ಒಗ್ಗುತ್ತದೆ ಇವತ್ತೇ ನೋಡಿಬಿಡೋಣ ಎಂದ. ಒಂದಕ್ಕೆ ಗಿಡ್ಡ ಕಂಬ, ನೀರೊಳಗೆ ಚಿಕ್ಕ ರೆಕ್ಕೆ: ಚುರುಕು, ಆದರೆ ಗಾಳಿ ಸಡಿಲಾದರೆ ಕುಸಿಯುತ್ತದೆ. ಇನ್ನೊಂದಕ್ಕೆ ಉದ್ದ ಕಂಬ, ಅಗಲ ರೆಕ್ಕೆ: ನಿಧಾನ, ಸಣ್ಣ ಗಾಳಿಗೂ ಏಳುತ್ತದೆ, ತಗ್ಗು ನೀರಿನಲ್ಲಿ ಮಾತ್ರ ತಳಕ್ಕೆ ತಾಗುವ ಭಯ. ಗೋಡೆಗಳು ಮುಳುಗಿರುವ ಕಡೆ ಗಿಡ್ಡದ್ದೇ ವಾಸಿ ಎಂಬುದು ಶ್ರೀಶೈಲನ ಲೆಕ್ಕ. ತಾಗಬಾರದೆಂದು ಅವನ ಚಿಂತೆ, ತಾಗಲಿ ಎಂದು ಇವನ ಹಂಬಲ.

ಬೆಳಿಗ್ಗೆ ಗಿಡ್ಡದ್ದರಲ್ಲಿ ಹೊರಟ ಅಫ್ಸರ ನೇರ ಹೋಗಲೇ ಇಲ್ಲ. ಬಯಲಿನಂಥ ನೀರಿನಲ್ಲಿ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳುತ್ತಾನೆ, ಗಾಳಿ ಕಳೆದುಕೊಂಡು ಬೀಳುತ್ತಾನೆ, ಎದ್ದು ಮತ್ತೆ ಬಲಕ್ಕೆ. ಹೀಗೆ ಅಡ್ಡಾಡಿದರೆ ಎರಡನ್ನು ತೂಗಿ ನೋಡುವುದು ಹೇಗೆ ಎಂದು ಶ್ರೀಶೈಲ ರೇಗಿದ.

"ಕೆಳಗ ಓಣಿ ಅದಾವಲೇ," ಎಂದ ಅಫ್ಸರ. "ಮಂದಿ ಮನ್ಯಾಗ ಹಾಯ್ದು ಹೋಗಾಕ ಬರೂದಿಲ್ಲ."

ಮಧ್ಯಾಹ್ನ ಇಬ್ಬರೂ ಅದಲುಬದಲು ಮಾಡಿಕೊಂಡಾಗ ಉದ್ದ ಕಂಬದ್ದು ಅವನ ಪಾಲಿಗೆ ಬಂತು. ನಮ್ಮ ಓಣಿ ಸಿಗಬೇಕಾದರೆ ದಡದ ಬೇವಿನ ಮರವನ್ನು ಬಲ ಹೆಗಲಿಗೆ ಇಟ್ಟುಕೊಂಡು ಹೋಗು ಎಂದು ಅಪ್ಪ ಹೇಳಿದ್ದ. ಹಾಗೇ ಓಣಿ ಓಣಿ ಸುತ್ತಿ ಬಂದ. ಗಾಳಿ ಮೆತ್ತಗಾಯಿತು, ಫಾಯಿಲಿನ ಅಗಲ ರೆಕ್ಕೆ ಇನ್ನೂ ಸ್ವಲ್ಪ ದೂರ ಹೊತ್ತು ತಂದು, ಹಲಗೆಯನ್ನು ನೀರಿಗೆ ಇಳಿಸಿತು. ಅಡಿಯಲ್ಲಿ ಏನೋ ಟಕ್ಕೆಂದು ತಾಗಿತು.

ಅವನು ಕೆಳಗಿಳಿದ. ನೀರು ಸೊಂಟದ ಮಟ್ಟ, ಕಾಲಡಿ ಸಪಾಟು ಕಲ್ಲು. ಮುಳುಗಿ ಕೈಯಾಡಿಸಿದಾಗ ಮೂಲೆಯಲ್ಲಿ ಆಡು ಕಟ್ಟುವ ತೂತು ಸಿಕ್ಕಿತು. ಆ ಓಣಿಯಲ್ಲಿ ಆಡು ಸಾಕಿದ್ದವರು ಇವರೊಬ್ಬರೇ. ಅಫ್ಸರ ನಿಂತಲ್ಲೇ ಅತ್ತುಬಿಟ್ಟ.

ಫಾಯಿಲ್ ಒಡೆಯಿತೇನೋ ಎಂದು ಬೈಯುತ್ತ ಬಂದ ಶ್ರೀಶೈಲ ಅವನ ಮುಖ ನೋಡಿ, ತೇಲಿ ಹೋಗುತ್ತಿದ್ದ ಹಲಗೆಯನ್ನು ಹಿಡಿದುಕೊಂಡ. ಅಫ್ಸರ ಲೈಫ್ ಜಾಕೆಟ್ ಬಿಚ್ಚಿ ಅವನ ಕೈಗೆ ಕೊಟ್ಟ. ಅದು ಮೇಲಕ್ಕೆ ಎತ್ತುತ್ತದೆ, ಕೂರಲು ಬಿಡುವುದಿಲ್ಲ. ಉಸಿರು ತುಂಬಿಕೊಂಡು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಕಟ್ಟೆಯ ಮೇಲೆ ಕೂತ. ನೀರು ನೆತ್ತಿ ಮುಚ್ಚಿತು. ಉಸಿರು ಮುಗಿದಾಗ ಎದ್ದ, ಮತ್ತೆ ಕೂತ.

ಮೂರನೆಯ ಸಲ ಎದ್ದಾಗ, ಗಾಳಿ ಪೂರ್ತಿ ಬಿದ್ದರೆ ದಡ ಸೇರುವುದು ಕಷ್ಟ, ನಡಿ ಎಂದು ಶ್ರೀಶೈಲ ಮೆಲ್ಲಗೆ ಹೇಳಿದ.

"ತಡಿಯಲೇ," ಎಂದ ಅಫ್ಸರ, "ಈಗಷ್ಟ ಮನಿಗೆ ಬಂದೇನಿ."