ನಾಲ್ಕು ಸಾವಿರ ಕಂಬಗಳ ವೇಗ

“ಅಮ್ಮಾ, ಕಂಬದ ಮಾವ ಅಷ್ಟು ಜೋರಾಗಿ ಓಡೋ ಗಾಡಿ ಮಾಡ್ತಾರಲ್ಲ, ಮತ್ತೆ ಯಾಕೆ ದಿನಾ ಬಸ್ಸು ತಪ್ಪಿಸ್ಕೋತಾರೆ?”

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮಗಳು ಕೇಳಿದ ಪ್ರಶ್ನೆ ಇದು. ನನ್ನ ಒಂದು ಹೆಗಲಿಗೆ ಅವಳ ಚೀಲ, ಇನ್ನೊಂದಕ್ಕೆ ನನ್ನದು. ನಿದ್ದೆ ಸಾಲದೆ ಕಣ್ಣು ಉರಿಯುತ್ತಿತ್ತು. ಸುಮ್ಮನಿರು, ಕೇಳಿಸುತ್ತೆ ಎಂದು ಗದರಿದೆ. ಕೇಳಿಸಿಯೇ ಇತ್ತು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಅವರು ಅವಳ ಕಡೆ ನೋಡಿ ನಕ್ಕರು, ಬಾಗಿಲು ತೆರೆದು ನಿಂತ ಬಸ್ಸಿನೊಳಗೆ ಒಮ್ಮೆ ಇಣುಕಿದರು, ಆಮೇಲೆ ಚಾಲಕನಿಗೆ ಹೋಗು ಎಂದು ಕೈಬೀಸಿದರು. ಕಿಟಕಿ ಪಕ್ಕದ ಸೀಟು ಬಿಟ್ಟರೆ ಬೇರೆ ಯಾವುದೂ ಖಾಲಿ ಇರಲಿಲ್ಲ. ಕಿಟಕಿ ಪಕ್ಕ ಕೂತರೆ ಹೊರಗಿನ ಕಂಬಗಳು ಹಿಂದಕ್ಕೆ ಓಡುವುದು ಕಾಣುತ್ತದೆ. ಕಂಡರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಆರು ವರ್ಷದವಳಿಗೆ ಇದನ್ನು ಎಲ್ಲಿಂದ ಶುರು ಮಾಡಿ ಹೇಳುವುದು? ಸಂಜೆ ಹೇಳುತ್ತೇನೆ ಎಂದು ಜಾರಿಕೊಂಡೆ. ಸಂಜೆಯ ಹೊತ್ತಿಗೆ ಅವಳು ಮರೆತಿದ್ದಳು. ನಾನು ಮರೆಯಲಿಲ್ಲ.

ನಮ್ಮ ಮೇಲಿನ ಮಹಡಿಯ ಮನೆ ಅವರದು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ನಾನು ಅಣ್ಣಾ ಎನ್ನುತ್ತೇನೆ. ಕಂಬದ ಮಾವ ಎಂಬ ಹೆಸರು ಹುಟ್ಟಿದ್ದು ಅವರ ಹೆಂಡತಿಯ ಬಾಯಲ್ಲೇ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಸೋತು ಬರುವ ಅವರು ಒಮ್ಮೆ ನಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ, “ನಮ್ಮೆಜಮಾನರ ತಲೆ ಹಿಡಿದು ಅಲುಗಿಸಿದ್ರೆ ಎರಡು ಕಂಬ ಉದುರುತ್ತೆ ಕಣಮ್ಮ, ಬೇರೇನೂ ಇಲ್ಲ” ಎಂದಿದ್ದರು. ಮಗಳು ಅದನ್ನು ಅಲ್ಲೇ ಹಿಡಿದುಕೊಂಡಳು.

ಅಣ್ಣ ಮೊದಲು ಇದ್ದದ್ದು ರಸ್ತೆಗಳಿಗೆ ಬಿಳಿ ಪಟ್ಟೆ ಬಳಿಯುವ ತಂಡದಲ್ಲಿ. ಅಪಾಯದ ತಿರುವು ಬರುವ ಮುಂಚೆ ರಸ್ತೆಗೆ ಅಡ್ಡಲಾಗಿ ಪಟ್ಟೆ ಎಳೆಯುತ್ತಾರಲ್ಲ, ಅದರಲ್ಲೊಂದು ಉಪಾಯವಿದೆಯಂತೆ. ಮೊದಲು ಪಟ್ಟೆಗಳ ನಡುವೆ ದೂರ ಬಿಡುತ್ತಾರೆ, ತಿರುವು ಹತ್ತಿರವಾದ ಹಾಗೆ ದೂರ ಕಡಿಮೆ ಮಾಡುತ್ತಾ ಹೋಗುತ್ತಾರೆ. ಗಾಡಿಯ ವೇಗ ಅಷ್ಟೇ ಇದ್ದರೂ ಓಡಿಸುವವನಿಗೆ ಏಕಾಏಕಿ ಜೋರಾಯಿತು ಅನ್ನಿಸಿ, ತನಗೇ ಗೊತ್ತಿಲ್ಲದೆ ನಿಧಾನ ಮಾಡುತ್ತಾನೆ. ಹನ್ನೊಂದು ವರ್ಷ ಬಿಸಿಲಲ್ಲಿ ಬಗ್ಗಿ ಈ ಕೆಲಸ ಮಾಡಿ ಅವರ ಸೊಂಟ ಹೋಯಿತು. ಆಮೇಲೆ ಕಚೇರಿಯೊಳಗೆ ಕೂತು ಕಂಪ್ಯೂಟರಿನಲ್ಲಿ ರಸ್ತೆಯ ನಕ್ಷೆ ಬಿಡಿಸಿದರು. ಅಲ್ಲಿಂದ ಅವರನ್ನು ವಿಡಿಯೊ ಗೇಮ್ ಮಾಡುವ ಒಂದು ಸಣ್ಣ ಕಂಪನಿ ಎಳೆದುಕೊಂಡಿತು. ಜನರನ್ನು ನಿಧಾನ ಮಾಡಿಸಲು ಕಲಿತ ವಿದ್ಯೆಯನ್ನೇ ಅವರು ಅಲ್ಲಿ ಜನರಿಗೆ ವೇಗದ ರುಚಿ ಹತ್ತಿಸಲು ಬಳಸಬೇಕಿತ್ತು.

ಗೇಮು ಇನ್ನೂರು ವರ್ಷ ಮುಂದಿನ ಕಾಲದ್ದು. ಚಕ್ರವೇ ಇಲ್ಲದ, ನೆಲದಿಂದ ಒಂದು ಗೇಣು ಮೇಲೆ ತೇಲುವ ಗಾಡಿಗಳ ಪಂದ್ಯ. ಗಂಟೆಗೆ ಎರಡು ಸಾವಿರ ಕಿಲೋಮೀಟರ್ ಎಂದು ಪರದೆಯ ಮೂಲೆಯಲ್ಲಿ ಅಂಕಿ ಓಡುತ್ತದೆ. ತೊಂದರೆಯೂ ಅಲ್ಲೇ ಇದೆ ಎಂದು ಅವರು ನನಗೆ ಬಟ್ಟೆ ಒಣಗಿಸುವ ತಾರಸಿಯಲ್ಲಿ ವಿವರಿಸಿದ್ದರು. ವಿಮಾನದಲ್ಲಿ ಕೂತವರಿಗೆ ವೇಗ ಗೊತ್ತಾಗುವುದಿಲ್ಲ, ಇಳಿಜಾರಿನಲ್ಲಿ ಸೈಕಲ್ ಬಿಟ್ಟವರಿಗೆ ಜೀವ ಬಾಯಿಗೆ ಬರುತ್ತದೆ. ಪಕ್ಕದಲ್ಲಿ ಏನಾದರೂ ಮುಖಕ್ಕೆ ಬಡಿಯುವ ಹಾಗೆ ಹಾದುಹೋದರೆ ಮಾತ್ರ ವೇಗ. ಹಾಗಾಗಿ ಅವರು ಮೂರು ವರ್ಷದಿಂದ ಆ ದಾರಿಯ ಎರಡೂ ಬದಿಗೆ ಕಂಬ ನೆಡುತ್ತಿದ್ದಾರೆ. ನಾಲ್ಕು ಸಾವಿರಕ್ಕೂ ಮೇಲೆ. ಒಂದೊಂದನ್ನೂ ಕೈಯಾರೆ, ಅಳತೆ ನೋಡಿ, ಇಲ್ಲಿ ಒತ್ತಾಗಿ, ಅಲ್ಲಿ ಬಿಡಿಯಾಗಿ.

ಈ ಕೆಲಸದಲ್ಲಿ ಅವರೇ ಮಾಡಿಕೊಂಡ ಒಂದು ತಪ್ಪೂ ಇದೆ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡಿ ನೋಡಿ ಅವರ ಕಣ್ಣು ಮರಗಟ್ಟಿತು. ಯಾವ ವೇಗವೂ ಸಾಲದು ಅನ್ನಿಸಿ ಕಂಬಗಳನ್ನು ಹತ್ತಿರ, ಇನ್ನೂ ಹತ್ತಿರ ತಂದರು. ಒಂದು ದಿನ ಲೆಕ್ಕಪತ್ರ ವಿಭಾಗದ ಹೆಂಗಸು ಕುತೂಹಲಕ್ಕೆಂದು ಬಂದು ಕೂತು, ಎರಡು ನಿಮಿಷಕ್ಕೆ ಕಸದ ಬುಟ್ಟಿಗೆ ವಾಂತಿ ಮಾಡಿಕೊಂಡರಂತೆ. ಅವತ್ತಿನಿಂದ ಅಣ್ಣ ತಮ್ಮ ಕಣ್ಣನ್ನು ನಂಬುವುದು ಬಿಟ್ಟರು. ಗೇಮಿನ ಮುಂದೆ ಮರಗಟ್ಟಿದ ಅದೇ ಕಣ್ಣಿಗೆ ನಿಜವಾದ ಬಸ್ಸಿನ ಕಿಟಕಿ ತಡೆಯಲಾಗದಂತಾಯಿತು. ವೈದ್ಯರು ವಿಶ್ರಾಂತಿ ತೆಗೆದುಕೊಳ್ಳಿ ಎಂದರು, ಇವರು ಆಯಿತು ಎಂದು ಬಂದು ಮತ್ತೆ ಕೂತರು.

ತಮ್ಮ ಕಣ್ಣಿನ ಬದಲಿಗೆ ಅವರು ತಂದ ಪದ್ಧತಿಯ ಹೆಸರು ‘ಹೊಸ ಕಣ್ಣು’. ಗೇಮನ್ನು ಒಮ್ಮೆಯೂ ನೋಡದವರನ್ನು ಕರೆದು ಕೂರಿಸಿ ಕೇಳುವುದು. ಒಬ್ಬರನ್ನು ಒಂದೇ ಸಲ ಕರೆಯಬಹುದು, ಎರಡನೇ ಸಲಕ್ಕೆ ಅವರ ಕಣ್ಣೂ ಹಳೆಯದು. ಹೀಗೆ ಕ್ಷೌರದಂಗಡಿಯವರು, ಕಾವಲುಗಾರ, ಹೆಂಡತಿಯ ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರು, ಎಲ್ಲರೂ ಮುಗಿದುಹೋದರು. ನಾನು ಮೊದಲ ವರ್ಷವೇ ಮುಗಿದೆ. ಏನು ಹೇಳಿದೆ ಎಂದು ನೆನೆಸಿಕೊಂಡರೆ ನಾಚಿಕೆ. ಮಗು ಮನೆಯಲ್ಲಿ ಏಳುವ ಹೊತ್ತಾಗಿತ್ತು, ಓಡಬೇಕಿತ್ತು; ತುಂಬಾ ಚೆನ್ನಾಗಿದೆ ಅಣ್ಣಾ ಎಂದು ಎದ್ದುಬಿಟ್ಟಿದ್ದೆ.

ಕಳೆದ ತಿಂಗಳು ಗೇಮಿನ ಎರಡು ನಿಮಿಷದ ತುಣುಕನ್ನು ಬಿಡುಗಡೆ ಮಾಡಿದರು. ಎಷ್ಟೋ ದಿನದಿಂದ ಕಾದಿದ್ದ ಜನ ಅದರ ಮೇಲೆ ಮುಗಿಬಿದ್ದರು. ನನ್ನ ಗಂಡ ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಅವರ ಮಾತುಗಳನ್ನು ಓದಿ ಹೇಳುತ್ತಿದ್ದರು. ಎರಡು ಸಾವಿರದ ವೇಗ ಅಂತಾರೆ, ನಮ್ಮಜ್ಜಿ ವಾಕಿಂಗ್ ಇದಕ್ಕಿಂತ ಜೋರು ಎಂದು ಒಬ್ಬ. ಬಸವನಹುಳುವಿಗೆ ಲೈಟು ಕಟ್ಟಿದ್ದಾರೆ ಎಂದು ಇನ್ನೊಬ್ಬ. ಫೋನಿನಲ್ಲಿ ನೋಡಿದರೆ ಹಾಗೇ ಕಾಣುತ್ತೆ, ದೊಡ್ಡ ಪರದೆಯಲ್ಲಿ ನೋಡ್ರಯ್ಯ ಎಂದು ಮತ್ತೊಬ್ಬ. ಅವನಿಗೆ ಇನ್ನೂರು ಜನ ಬೈದಿದ್ದರು. ಕಂಪನಿಯ ಯಜಮಾನರು ಬೆಚ್ಚಿಬಿದ್ದರು. ಕಂಬಗಳಿಂದಲೇ ನೋಟ ಗಿಜಿಗುಟ್ಟುತ್ತಿದೆ, ಎಲ್ಲ ಕಿತ್ತು ಬಯಲು ಮಾಡಿ, ಆಕಾಶ ಕಾಣಲಿ, ವೇಗದ ಅಂಕಿಯನ್ನು ಪರದೆಯ ನಡುವೆ ದೊಡ್ಡದಾಗಿ ಹಾಕಿ, ಅಂಚು ಸ್ವಲ್ಪ ನಡುಗಲಿ ಎಂದರು. ತುಣುಕಿಗೆಂದು ಆರಿಸಿದ ಜಾಗದಲ್ಲೇ ಕಂಬ ಕಡಿಮೆಯಿತ್ತು ಎಂದು ಅಣ್ಣ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಕೊನೆಗೆ ಯಜಮಾನರು ಒಂದು ಮಾತಿಗೆ ಒಪ್ಪಿದರು: ಎರಡೂ ಬಗೆಯನ್ನು ಒಬ್ಬ ಹೊಸ ಕಣ್ಣಿಗೆ ತೋರಿಸೋಣ. ಈ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಮಿನ ದಾರಿಯ ಕೆಲಸಕ್ಕೆ ಬೀಗ. ಆಮೇಲೆ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ.

ಮಂಗಳವಾರ ಇದನ್ನೆಲ್ಲ ಅವರು ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳುತ್ತಿದ್ದಾಗ, ಒಳಗೆ ಗುಂಡಿ ಹೊಲಿಯುತ್ತಿದ್ದ ನಮ್ಮತ್ತೆ ಕನ್ನಡಕ ಏರಿಸಿದರು.

“ನಾನು ನೋಡಿಲ್ಲಪ್ಪ ನಿನ್ನ ಗೇಮು. ಕಣ್ಣು ಅರವತ್ತೆಂಟು ವರ್ಷದ್ದು. ಹೊಸದು ಅನ್ನೋದಾದ್ರೆ ಬರ್ತೀನಿ.”

ಬುಧವಾರ ಮಗಳನ್ನು ಶಾಲೆಗೆ ಬಿಟ್ಟು, ರಜೆ ಬರೆದು ಹಾಕಿ, ಅತ್ತೆಯನ್ನು ಕರೆದುಕೊಂಡು ಅಣ್ಣನ ಕಂಪನಿಗೆ ಹೋದೆ. ಮೂರನೇ ಮಹಡಿ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ಕೋಣೆ. ತೊಳೆಯದ ಲೋಟಗಳು, ನೆಲದ ಮೇಲೆ ವೈರುಗಳ ಜಡೆ, ಯಂತ್ರ ಬಿಸಿಯಾದ ವಾಸನೆ. ಯಜಮಾನರು ತಾವೇ ಕುರ್ಚಿ ಎಳೆದು, ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು, ಕುಡಿಯಲು ಬಿಸಿನೀರು ತರಿಸಿದರು. ಒಳ್ಳೆಯ ಮನುಷ್ಯ, ಅವರ ಕಣ್ಣ ಕೆಳಗೂ ಕಪ್ಪು ಹತ್ತಿತ್ತು. ನಾನು ಅತ್ತೆಗೆ ಅಂಟಿಕೊಂಡು ಬಲಕ್ಕೆ ಕೂತೆ. ಅಣ್ಣ ಪರದೆಯತ್ತ ಬೆನ್ನು ಹಾಕಿ, ಗೋಡೆಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಮೇಜಿನ ಅಡಿಗೆ ನೋಡತೊಡಗಿದರು. ಜನ ಬಾಯಲ್ಲಿ ಏನೇ ಹೇಳಲಿ, ನಿಜವಾಗಿ ವೇಗ ಅನ್ನಿಸಿದಾಗ ಕಾಲು ನೆಲ ಒತ್ತುತ್ತದೆಯಂತೆ. ಬಿದ್ದ ಪೆನ್ನು ಹುಡುಕಲು ಒಮ್ಮೆ ಬಗ್ಗಿದಾಗ ಅವರಿಗೆ ಇದು ಕಂಡಿತ್ತು. ಅವತ್ತಿನಿಂದ ಮುಖ ನೋಡುವುದನ್ನೇ ಬಿಟ್ಟಿದ್ದರು.

ಮೊದಲು ಕಂಬಗಳಿದ್ದ ದಾರಿ. ಅತ್ತೆ ಕೈ ಕಟ್ಟಿಕೊಂಡು, ಟಿಕೆಟ್ ಕೊಂಡು ನೋಡಲು ಬಂದವರಂತೆ ಗಂಭೀರವಾಗಿ ಕೂತಿದ್ದರು. ಮೊದಲ ತಿರುವಿಗೆ ಅವರ ಬಲಗಾಲು ಬಂದು ನನ್ನ ಪಾದದ ಮೇಲೆ ಕೂತಿತು. ಎರಡನೆಯದಕ್ಕೆ ಹಿಮ್ಮಡಿಯಿಂದ ಅದುಮಿತು. ಸುರಂಗದೊಳಗೆ ಕಂಬಗಳು ಒತ್ತೊತ್ತಾದಾಗ ನನ್ನ ಹೆಬ್ಬೆರಳು ಮುರಿದೇ ಹೋಯಿತೆಂದುಕೊಂಡೆ. ಮಾವನವರು ಬದುಕಿದ್ದಾಗ ಕಾರು ಓಡಿಸುವುದು ಅವರು, ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕು ತುಳಿಯುವುದು ಇವರು. ಮೂವತ್ತು ವರ್ಷ ಹಾಗೆ ತುಳಿದ ಕಾಲು ಅದು. ಆಮೇಲೆ ಬಯಲು ದಾರಿ ಹಾಕಿದರು. ನೀಲಿ ಆಕಾಶ, ನಡುವೆ ಅಂಗೈಯಗಲದ ಅಂಕಿ, ಅಂಚುಗಳು ನಡುಗುತ್ತಿದ್ದವು. ಅತ್ತೆಯ ಕಾಲು ಚಪ್ಪಲಿಯಿಂದ ಅರ್ಧ ಹೊರಬಂದು, ತಣ್ಣಗೆ ಮಲಗಿತ್ತು.

ಯಾವುದು ಜೋರು ಅನ್ನಿಸಿತು ಎಂದು ಯಜಮಾನರು ಕೇಳಿದರು.

“ಎರಡನೇದೇ ಅಲ್ವೇನಪ್ಪ? ಎರಡು ಸಾವಿರ ಅಂತ ಅಷ್ಟು ದೊಡ್ಡದಾಗಿ ಬರೆದಿತ್ತು. ಮೊದಲನೇದರಲ್ಲಿ ಎಲ್ಲಿತ್ತೋ, ನಂಗೆ ನೋಡಕ್ಕೇ ಪುರುಸೊತ್ತಾಗಲಿಲ್ಲ.”

ಯಜಮಾನರು ಅದನ್ನು ಫಾರಂನಲ್ಲಿ ತುಂಬಿಸಿದರು. ‘ನೋಡಿದವರು ಹೇಳಿದ್ದು’ ಎಂಬ ಒಂದೇ ಕಾಲಂ ಅದರಲ್ಲಿತ್ತು. ಕಾಲಿಗೆ ಕಾಲಂ ಇರಲಿಲ್ಲ. ಅಣ್ಣ ಬಾಯಿ ತೆರೆದರು, ಅತ್ತೆಯ ಮುಖ ನೋಡಿದರು, ಮುಚ್ಚಿದರು. ವಯಸ್ಸಾದವರ ಎದುರಿಗೆ ನೀವು ಹೇಳಿದ್ದು ಸುಳ್ಳು ಎನ್ನುವುದು ಹೇಗೆ? ನಾನೂ ನೋಯುವ ಬೆರಳನ್ನು ಮೇಜಿನಡಿ ಉಜ್ಜಿಕೊಂಡೆ, ಅಷ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಖುಷಿಯಾಗಿದ್ದರು. ತಮ್ಮಿಂದ ಆ ಹುಡುಗನಿಗೆ ಒಂದು ಉಪಕಾರವಾಯಿತಲ್ಲ ಎಂದರು. ಅದ್ಯಾಕೋ ಬಲಗಾಲು ಸ್ವಲ್ಪ ಹಿಡಿದುಕೊಂಡಿದೆ ಎಂದೂ ಅಂದರು.

ಗುರುವಾರ ಮಧ್ಯಾಹ್ನ ನಾನು ಕೆಲಸದಿಂದ ಬಂದು ಇಸ್ತ್ರಿಗೆ ನಿಂತಿದ್ದೆ. ಮಗಳು ನೆಲದ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಅತ್ತೆ ಒಳಗೆ ಒರಗಿಕೊಂಡಿದ್ದರು. ಅಣ್ಣ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ನೀರು ತಂದುಕೊಟ್ಟೆ.

ಬೆಳಿಗ್ಗೆ ಯಜಮಾನರ ಹತ್ತಿರ ಮಾತಾಡಿದರಂತೆ. ಕಾಲಿನ ವಿಷಯ ಹೇಳಿದರಂತೆ. ಅವರು ನಗಲಿಲ್ಲವಂತೆ, ಅದೇ ದೊಡ್ಡ ವಿಷಯ. ನೀವು ಕಂಬದ ಕಡೆಯವರು, ನೀವು ಕಂಡದ್ದನ್ನು ನಾನು ಹೇಗೆ ಲೆಕ್ಕಕ್ಕೆ ಹಿಡಿಯಲಿ, ಫಾರಂನಲ್ಲಿ ಇರುವುದು ಇಷ್ಟು ಎಂದರಂತೆ.

“ಫಾರಂ ಮಾಡಿದ್ದು ಯಾರು ಅಂತ ಕೇಳಿದ್ರು,” ಅಣ್ಣ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಹೇಳಿದರು. “ನಾನೇ ಕಣಮ್ಮ ಮಾಡಿದ್ದು. ಮೂರು ವರ್ಷದ ಹಿಂದೆ. ಆಗ ನಂಗೆ ಕಾಲಿನ ವಿಷಯ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂದು ಕಾಲಂ ಸೇರಿಸ್ಬೇಕು ಅಂತ ಹೊಳೀಲೇ ಇಲ್ಲ. ನಾನು ಹೆಂಗೂ ನೋಡ್ತೀನಲ್ಲ ಅಂತ.”

ಕಂಬಗಳನ್ನು ಕಿತ್ತರೆ ಏನು ಮಾಡುತ್ತೀರಿ ಎಂದು ಕೇಳಿದೆ. ಏನು ಮಾಡುವುದು, ಒಂದು ಗುಂಡಿ ಒತ್ತಿದರೆ ನಾಲ್ಕು ಸಾವಿರವೂ ಒಟ್ಟಿಗೆ ಹೋಗುತ್ತವೆ, ಕೀಳುವ ಶ್ರಮವೂ ಇಲ್ಲ ಎಂದರು. ತಮ್ಮನ್ನು ದಾರಿ ಬದಿಯ ಜಾಹೀರಾತು ಫಲಕಗಳ ಕೆಲಸಕ್ಕೆ ಹಾಕುತ್ತಾರೆ. ಅದರಲ್ಲಿ ಹೊಟ್ಟೆ ತೊಳಸುವುದಿಲ್ಲ, ಬಸ್ಸಿನಲ್ಲೂ ಎಲ್ಲಿ ಬೇಕಾದರೂ ಕೂರಬಹುದೇನೋ ಎಂದು ನಗಲು ನೋಡಿದರು. ಮಗಳು ಪೆನ್ಸಿಲ್ ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು.

“ಮೂರು ವರ್ಷದಲ್ಲಿ ನಂಗೆ ಒಂದು ಸಲನೂ ಅದು ಜೋರಾಗಿ ಕಂಡಿಲ್ಲಮ್ಮ,” ಎಂದರು. “ಬೇರೆಯವರ ಕಾಲು ನೋಡಿಯೇ ಇದೆ ಅಂತ ನಂಬ್ಕೊಂಡು ಬಂದೆ. ಇವತ್ತು ಇಲ್ಲ ಅಂದ್ರೆ ನಾನು ನೆಟ್ಟಿದ್ದೇನು ಹಾಗಾದ್ರೆ?”

ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಅವರ ದೃಷ್ಟಿ ನನ್ನ ಪಾದದ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ನೀಲಿಯಾಗಿತ್ತು. ಅವರು ಅದನ್ನು ನೋಡಿದರು, ಅತ್ತೆಯ ಕೋಣೆಯ ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು.

“ನೀನು ಕಂಬದ ಕಡೆಯವಳಲ್ಲ, ಬಯಲಿನ ಕಡೆಯವಳೂ ಅಲ್ಲ. ನಿನ್ನೆ ದೊಡ್ಡಮ್ಮನ ಕಾಲು ಏನು ಮಾಡ್ತು ಅಂತ ಒಂದು ಹಾಳೇಲಿ ಬರೆದು ಸಹಿ ಹಾಕಿ ಕೊಡ್ತೀಯಾ? ಎಷ್ಟು ಸಲ ಒತ್ತಿದ್ರು, ಎಲ್ಲೆಲ್ಲಿ ಒತ್ತಿದ್ರು, ಅಷ್ಟೇ. ನನ್ನ ಪರ ಏನೂ ಬರೀಬೇಡ. ಆದ್ರೆ ದೊಡ್ಡಮ್ಮನಿಗೆ ಓದಿ ಹೇಳಿ ಆಮೇಲೆ ಕೊಡು, ಕದ್ದು ಬೇಡ. ಅವರು ಬೇಡ ಅಂದ್ರೆ ಬಿಟ್ಟುಬಿಡು. ನಾಳೆ ಬೆಳಿಗ್ಗೆ ಹತ್ತು ಗಂಟೆ ಒಳಗೆ ಸಿಕ್ಕಿದ್ರೆ ಸಾಕು.”